ಹಾಲು ಎಳೆಯಲಾಗದ ಮಗು: ಸಣ್ಣ ಗದ್ದ, ಸೀಳಿದ ಅಂಗುಳಿನ ಒಂದು ಪ್ರಕರಣ

ಹೆಣ್ಣು ಮಗು, ವಯಸ್ಸು 17 ದಿನ. ಹುಟ್ಟಿದಾಗ 2.7 ಕೆ.ಜಿ. ಇತ್ತು. ನಮ್ಮ ಆಸ್ಪತ್ರೆಗೆ ಬಂದ ದಿನ 2.36. ತಿಂಗಳು ತುಂಬಿ ಹುಟ್ಟಿದ ಮಗು, ನಾರ್ಮಲ್ ಹೆರಿಗೆ, ಹುಟ್ಟಿದ ಕೂಡಲೇ ಚೆನ್ನಾಗಿ ಅತ್ತಿತ್ತು. ಮನೆಯವರು ತಂದ ಚೀಟಿಯಲ್ಲಿ 'ಸರಿಯಾಗಿ ಹಾಲು ಕುಡಿಯುತ್ತಿಲ್ಲ' ಅಂತ ಒಂದೇ ಸಾಲು. ಮಕ್ಕಳ ಡಾಕ್ಟರು ನನ್ನನ್ನು ಕರೆದದ್ದು ಅದಕ್ಕೇ. ಸ್ಪೀಚ್ ಥೆರಪಿಸ್ಟ್ ಅಂದರೆ ಮಾತು ಕಲಿಸುವವರು ಮಾತ್ರ ಅಂತ ಬಹಳ ಜನ ಅಂದುಕೊಂಡಿರುತ್ತಾರೆ. ಆದರೆ ಮಾತಾಡುವ ತುಟಿ, ನಾಲಿಗೆ, ಗಂಟಲುಗಳೇ ಅಲ್ವಾ ನುಂಗುವುದೂ? ಎಳೆಮಕ್ಕಳಿಗೆ ಹಾಲು ಕುಡಿಯುವುದು ಕಷ್ಟವಾದಾಗ ನೋಡುವುದು ನನ್ನ ಕೆಲಸದ ದೊಡ್ಡ ಭಾಗ. ಗುರುತು ಸಿಗಬಾರದು ಅಂತ ಇಲ್ಲಿ ಕೆಲವು ವಿವರ ಬದಲಿಸಿದ್ದೇನೆ.

ಮೊದಲ ಎರಡು ವಾರ

ತಾಯಿಗೆ ಇದು ಎರಡನೇ ಹೆರಿಗೆ. ಹೋಲಿಸಿ ನೋಡಲು ಮೊದಲ ಮಗುವಿನ ನೆನಪಿತ್ತು. "ಅವನು ಬಾಯಿ ಹಾಕಿದ್ರೆ ಎಳೆದಂಗಾಗೋದು, ಮೈಯೆಲ್ಲ ಜುಂ ಅನ್ನೋದು. ಇವಳು ಕಚ್ಕೊಂಡಿದಾಳೆ ಅನ್ನೋದೇ ಗೊತ್ತಾಗಲ್ಲ ಮೇಡಂ. ಚಪ್ ಚಪ್ ಅಂತ ಸದ್ದು ಮಾತ್ರ ಬರುತ್ತೆ." ಅರ್ಧ ರೋಗ ಈ ಮಾತಿನಲ್ಲೇ ಇತ್ತು. ಮನೆಯಲ್ಲಿ, ಅಕ್ಕಪಕ್ಕದಲ್ಲಿ ಆಕೆ ಇದನ್ನು ಹೇಳಿದಾಗೆಲ್ಲ ಸಿಕ್ಕ ಉತ್ತರ ಒಂದೇ: ಮಗು ಸ್ವಲ್ಪ ಸೋಮಾರಿ, ಕಲಿತುಕೊಳ್ಳುತ್ತೆ ಬಿಡು.

ಒಂದು ಸಲ ಕುಡಿಸಲು ಮುಕ್ಕಾಲು ಗಂಟೆ, ಕೆಲವೊಮ್ಮೆ ಒಂದು ಗಂಟೆ. ಕುಡಿಯುತ್ತಲೇ ಹಣೆ ಬೆವರಿ ಮಗು ನಿದ್ದೆ ಹೋಗುತ್ತಿತ್ತು. ಹೊಟ್ಟೆ ತುಂಬಿತು ಅಂತ ಮನೆಯವರು ತಿಳಿದರು. ಅದು ಸುಸ್ತಾಗಿ ಮಲಗಿದ್ದು. ಅರ್ಧ ಗಂಟೆಗೆ ಮತ್ತೆ ಅಳು. ಮಲಗಿದಾಗ ಗೊರಗೊರ ಸದ್ದು, ಆಗಾಗ ಮೂಗಿನಲ್ಲಿ ಹಾಲು. ದಿನಕ್ಕೆ ಮೂರೋ ನಾಲ್ಕೋ ಸಲ ಮೂತ್ರ. ಆ ವಯಸ್ಸಿಗೆ ಆರು ಸಲವಾದರೂ ಹೋಗಬೇಕು.

ಆಸ್ಪತ್ರೆಯಲ್ಲಿ ಹೆರಿಗೆಯಾದರೆ 3, 7, 14, 21, 28 ಮತ್ತು 42ನೇ ದಿನ ಆಶಾ ಕಾರ್ಯಕರ್ತೆ ಮನೆಗೆ ಬಂದು ಮಗು ನೋಡಬೇಕು ಅಂತಿದೆ. ಈ ಊರಿನ ಆಶಾ ತಪ್ಪದೆ ಬಂದಿದ್ದರು. 7ನೇ ದಿನ 2.43 ಕೆ.ಜಿ., 14ನೇ ದಿನ 2.38. ಹುಟ್ಟಿದ ಮೇಲೆ ತೂಕ ಒಂದಿಷ್ಟು ಇಳಿಯುವುದು ಸಹಜವೇ. ಆದರೆ ಹತ್ತರಲ್ಲೊಂದು ಪಾಲಿಗಿಂತ ಜಾಸ್ತಿ ಇಳಿಯಬಾರದು. ಎರಡು ವಾರದ ಹೊತ್ತಿಗೆ ಹುಟ್ಟಿದ ತೂಕಕ್ಕೆ ವಾಪಸ್ ಬಂದಿರಬೇಕು. ಆಕೆ ಜಿಲ್ಲಾಸ್ಪತ್ರೆಗೆ ಹೋಗಿ ಅಂದರು. ಮನೆಯವರು ದಾರಿಯಲ್ಲಿ ಸಿಕ್ಕ ಒಂದು ಕ್ಲಿನಿಕ್ಕಿಗೆ ಹೋದರು. ತಾಯಿ ಹಾಲು ಸಾಲುತ್ತಿಲ್ಲ ಅನ್ನಿಸಿಕೊಂಡು ಡಬ್ಬಿ ಪುಡಿ, ಬಾಟಲಿ ಹಿಡಿದು ಮನೆಗೆ ಬಂದರು. ಅಷ್ಟು ಹೊತ್ತಿಗೆ ತಾಯಿಯ ಎದೆ ಹಾಲು ಕಟ್ಟಿ ಕಲ್ಲಾಗಿತ್ತು. ಹಾಲು ಸಾಲದಿರುವ ಎದೆ ಕಟ್ಟುತ್ತಾ? ಇದನ್ನು ಯಾರೂ ಕೇಳಲಿಲ್ಲ.

ಬಾಟಲಿಯಲ್ಲೂ ಹಾಲು ಇಳಿಯಲಿಲ್ಲ. ಆಗ ಎಲ್ಲರ ಮನೆಯ ಉಪಾಯ ಹೊರಬಂತು: ಸೂಜಿ ಕಾಸಿ ನಿಪ್ಪಲ್ಲಿನ ತೂತು ದೊಡ್ಡದು ಮಾಡಿದರು. ಈ ಕಾಸಿದ ಸೂಜಿ ಅಂದರೆ ನನಗೆ ಆಗಲ್ಲ. ಎಳೆಯಲಾರದ ಮಗುವಿಗೆ ಉಸಿರಾಡಲೂ ಬಿಡದ ಹಾಗೆ ಹಾಲು ಧಾರೆಯಾಗಿ ಗಂಟಲಿಗೆ ಬೀಳುತ್ತೆ. ಇಲ್ಲಿ ಆದದ್ದೂ ಅದೇ. ಕೆಮ್ಮು, ಅಗಲವಾದ ಕಣ್ಣು, ತುಟಿಯ ಸುತ್ತ ನೀಲಿ. ತಾಯಿ ಹೆದರಿ ಬಾಟಲಿ ಬಿಸಾಕಿದರು.

ಕೊನೆಗೆ ಕಂಡುಹಿಡಿದದ್ದು ಮಗುವಿಗೆ ಎರೆಯಲು ಬರುತ್ತಿದ್ದ ಅಜ್ಜಿ. ಎಣ್ಣೆ ನೀರು ಹಾಕುವಾಗ ಕಫ ತೆಗೆಯುತ್ತೇನೆ ಅಂತ ಬಾಯೊಳಗೆ ಬೆರಳು ಹಾಕುವ ರೂಢಿ ಹಳ್ಳಿಗಳಲ್ಲಿ ಇನ್ನೂ ಇದೆ. ಉಗುರು ತಾಗುತ್ತೆ, ಸೋಂಕಾಗುತ್ತೆ, ಬೇಡ ಅಂತ ನಾವು ಹೇಳುತ್ತಲೇ ಇರುತ್ತೇವೆ. ಈಗಲೂ ಬೇಡ ಅಂತಲೇ ಹೇಳುತ್ತೇನೆ. ಆದರೆ ಆವತ್ತು ಅಜ್ಜಿ ಬೆರಳು ಹೊರತೆಗೆದು "ಅಂಗ್ಳು ಸಿಗ್ತಾನೇ ಇಲ್ಲವಲ್ಲೇ, ಮೇಲೆ ತೂತು ಇದ್ದಂಗಿದೆ" ಅಂದರಂತೆ. ಮಾರನೇ ಬೆಳಿಗ್ಗೆ ಮಗು ನಮ್ಮಲ್ಲಿಗೆ ಬಂತು.

ಬಾಯೊಳಗೆ ಕಂಡದ್ದು

ತುಟಿ ಸೀಳಿದ್ದರೆ ಹೆರಿಗೆ ಕೋಣೆಯಲ್ಲೇ ಕಾಣುತ್ತೆ. ಅಂಗುಳು ಮಾತ್ರ ಸೀಳಿದ್ದರೆ ಹೊರಗೆ ಮುಖ ಮುದ್ದಾಗಿಯೇ ಇರುತ್ತೆ. ಬೆರಳಾಡಿಸಿ ನೋಡಿದರೂ ಹಿಂದಿನ ಮೆತ್ತನೆ ಭಾಗದ ಸೀಳು ತಪ್ಪಿಹೋಗಬಹುದು. ಹಾಗಾಗಿಯೇ ಬ್ರಿಟನ್ನಿನ ಮಕ್ಕಳ ವೈದ್ಯರ ರಾಯಲ್ ಕಾಲೇಜು 2014ರಲ್ಲಿ, ಹುಟ್ಟಿದ ಮಗುವಿನ ನಾಲಿಗೆ ಒತ್ತಿ ಟಾರ್ಚ್ ಬಿಟ್ಟು ಅಂಗುಳನ್ನು ಕಣ್ಣಾರೆ ನೋಡಿ ಅಂತ ಮಾರ್ಗಸೂಚಿ ಕೊಟ್ಟಿತು. ಅರ್ಧ ನಿಮಿಷದ ಕೆಲಸ.

ಟಾರ್ಚ್ ಬಿಟ್ಟಾಗ ಕಂಡದ್ದು ಕುದುರೆ ಲಾಳದ ಆಕಾರದ ಅಗಲ ಸೀಳು. ಮೂಗಿನ ಒಳಭಾಗ ನೇರವಾಗಿ ಕಾಣುತ್ತಿತ್ತು. ಪಕ್ಕದಿಂದ ನೋಡಿದರೆ ಗದ್ದ ಒಳಕ್ಕೆ ಹೋಗಿತ್ತು. "ನಮ್ಮ ಮನೆ ಕಡೆ ಎಲ್ಲರ ಗದ್ದವೂ ಸಣ್ಣದೇ" ಅಂತ ತಾಯಿಯ ಅತ್ತೆ ಹೇಳಿದರು. ಇರಬಹುದು, ಆದರೆ ಇದು ಅದಕ್ಕಿಂತ ಸಣ್ಣದು. ನಾಲಿಗೆ ಹಿಂದಕ್ಕೆ, ಗಂಟಲ ಕಡೆ ಜಾರಿ ಕೂತಿತ್ತು. ಬೆನ್ನ ಮೇಲೆ ಮಲಗಿಸಿದಾಗ ಪ್ರತಿ ಉಸಿರಿಗೂ ಎದೆಗೂಡಿನ ಕೆಳಗೆ ಗುಳಿ ಬೀಳುತ್ತಿತ್ತು. ಮೀಟರಿನಲ್ಲಿ ರಕ್ತದ ಆಕ್ಸಿಜನ್ ಶೇಕಡಾ 88ರಿಂದ 90. ಕವುಚಿ ಮಲಗಿಸಿದೆವು. ಸದ್ದು ಕಮ್ಮಿಯಾಯಿತು, ಮೀಟರ್ 96ಕ್ಕೆ ಏರಿತು.

ಸಣ್ಣ ಗದ್ದ, ಹಿಂದೆ ಬಿದ್ದ ನಾಲಿಗೆ, ಉಸಿರಿನ ಅಡಚಣೆ. ಈ ಮೂರು ಒಟ್ಟಿಗೆ ಇದ್ದರೆ ಪಿಯರ್ ರಾಬಿನ್ ಸೀಕ್ವೆನ್ಸ್ ಅನ್ನುತ್ತಾರೆ. ಬಹಳಷ್ಟು ಮಕ್ಕಳಲ್ಲಿ ಅಂಗುಳ ಸೀಳೂ ಜೊತೆಗಿರುತ್ತೆ. ಸಣ್ಣ ದವಡೆಯ ಮಕ್ಕಳಲ್ಲಿ ನಾಲಿಗೆ ಹಿಂದೆ ಬೀಳುವುದರ ಬಗ್ಗೆ 1923ರಲ್ಲಿ ಬರೆದ ಫ್ರೆಂಚ್ ವೈದ್ಯರ ಹೆಸರು ಇದಕ್ಕೆ ಬಂದಿದೆ. ಸೀಕ್ವೆನ್ಸ್ ಅನ್ನುವುದು ಯಾಕಂದ್ರೆ ಒಂದರಿಂದ ಇನ್ನೊಂದು ಆಗುತ್ತೆ. ಹೊಟ್ಟೆಯಲ್ಲಿ ಮೊದಲ ಮೂರು ತಿಂಗಳೊಳಗೆ ಅಂಗುಳಿನ ಎರಡು ಬದಿ ಬೆಳೆದು ನಡುವೆ ಕೂಡಿಕೊಳ್ಳಬೇಕು. ಅದಕ್ಕೆ ನಾಲಿಗೆ ಕೆಳಗಿಳಿದು ಜಾಗ ಬಿಡಬೇಕು. ದವಡೆ ಬೆಳೆಯದಿದ್ದರೆ ನಾಲಿಗೆ ಇಳಿಯಲು ಜಾಗ ಇಲ್ಲ, ಮೇಲೇ ಉಳಿಯುತ್ತೆ. ಅಂಗುಳು ಕೂಡಲ್ಲ.

ಇದನ್ನು ಮನೆಯವರಿಗೆ ನಿಧಾನವಾಗಿ, ಚಿತ್ರ ಬರೆದು ಹೇಳಿದೆ. ಯಾಕಂದ್ರೆ ಅಷ್ಟರಲ್ಲಿ ಗ್ರಹಣದ ಮಾತು ಬಂದಿತ್ತು. ಬಸುರಿಯಾಗಿದ್ದಾಗ ಗ್ರಹಣದ ದಿನ ತರಕಾರಿ ಹೆಚ್ಚಿದಳು, ಅದಕ್ಕೇ ಹೀಗಾಯ್ತು ಅಂತ. ಎಷ್ಟನೇ ತಿಂಗಳಿನಲ್ಲಿ ಅಂತ ಕೇಳಿದೆ. ಏಳನೇ ತಿಂಗಳು ಅಂದರು. ಅಂಗುಳು ಕೂಡುವ ಕೆಲಸ ಅದಕ್ಕೆ ಎಷ್ಟೋ ಮೊದಲೇ ಮುಗಿದಿರುತ್ತೆ ಅಂತ ಹೇಳಿದೆ. ಅತ್ತೆ ಏನೂ ಹೇಳಲಿಲ್ಲ. ತಾಯಿ ಸೆರಗಿನಲ್ಲಿ ಮುಖ ಒರೆಸಿಕೊಂಡರು.

ಇನ್ನು ಹಾಲು ಯಾಕೆ ಬರಲಿಲ್ಲ ಅಂದರೆ: ಮೊಲೆ ಕಚ್ಚಿದ ಮಗು ತುಟಿ ಮುಚ್ಚಿ, ಅಂಗುಳು ಮೂಗಿನ ದಾರಿ ಮುಚ್ಚಿ, ದವಡೆ ಕೆಳಗಿಳಿಸಿದಾಗ ಬಾಯೊಳಗೆ ಗಾಳಿಯ ಒತ್ತಡ ಕಮ್ಮಿಯಾಗಿ ಹಾಲು ಒಳಗೆ ಬರುತ್ತೆ. ಅಂಗುಳಲ್ಲಿ ತೂತಿದ್ದರೆ ಆ ಎಳೆತವೇ ಹುಟ್ಟಲ್ಲ. ವಾಷರ್ ಹೋದ ಬೋರ್‌ವೆಲ್ ಪಂಪಿನ ಹಿಡಿಕೆ ಎಷ್ಟು ಒತ್ತಿದರೂ ಗಾಳಿ ಎಳೆಯುತ್ತೆ, ನೀರು ಬರಲ್ಲ, ಹಾಗೆ. ಮಗು ಸೋಮಾರಿಯಾಗಿರಲಿಲ್ಲ. ದಿನವಿಡೀ ದುಡಿಯುತ್ತಿತ್ತು. ಕುಡಿದ ಅಷ್ಟಿಷ್ಟು ಹಾಲಿನ ಶಕ್ತಿಯೆಲ್ಲ ಕುಡಿಯುವ ಶ್ರಮಕ್ಕೇ ಖರ್ಚಾಗುತ್ತಿತ್ತು.

ಮೊದಲು ಉಸಿರು

ಅಡ್ಮಿಟ್ ಮಾಡಿದ ಮೇಲೆ ಎಲ್ಲರೂ ಕೇಳಿದ ಪ್ರಶ್ನೆ: ಎಷ್ಟು ಮಿ.ಲೀ. ಕುಡಿಯಿತು? ಅತ್ತೆ ಕೇಳಿದರು, ಅಪ್ಪ ಕೇಳಿದರು, ನೈಟ್ ಡ್ಯೂಟಿಯ ಸಿಸ್ಟರೂ ಕೇಳಿದರು. ನನ್ನ ಮಟ್ಟಿಗೆ ಅದು ಎರಡನೇ ಪ್ರಶ್ನೆ. ಮೊದಲನೆಯದು, ಕುಡಿಯುವಾಗ ಉಸಿರು ಹೇಗಿತ್ತು?

ಹಾಲು ಕುಡಿಯುವ ಮಗು ಸುಮಾರು ಸೆಕೆಂಡಿಗೊಮ್ಮೆ ಎಳೆದು, ನುಂಗಿ, ಉಸಿರಾಡುತ್ತೆ. ನುಂಗುವ ಗಳಿಗೆಯಲ್ಲಿ ಉಸಿರು ನಿಂತಿರುತ್ತೆ, ನಿಲ್ಲಲೇಬೇಕು. ಹೊಟ್ಟೆಯಲ್ಲಿ 34 ವಾರ ತುಂಬುವ ಹೊತ್ತಿಗೆ ಈ ಹೊಂದಾಣಿಕೆ ಬರುತ್ತೆ. ನಮ್ಮ ಮಗುವಿಗೆ ಉಸಿರಾಡುವುದೇ ಕಷ್ಟ. ಸುಮ್ನೆ ಮಲಗಿದಾಗಲೇ ಏದುಸಿರು ಬಿಡುವ ಮಗು ಸೆಕೆಂಡಿಗೊಮ್ಮೆ ಉಸಿರು ನಿಲ್ಲಿಸಲು ಹೇಗೆ ಒಪ್ಪುತ್ತೆ? ಒತ್ತಾಯ ಮಾಡಿದರೆ ಹಾಲು ಶ್ವಾಸಕೋಶಕ್ಕೆ ಹೋಗುತ್ತೆ. ಕೆಮ್ಮದೆಯೂ ಹೋಗಬಹುದು, ಅದೇ ಜಾಸ್ತಿ ಅಪಾಯ.

ಹಾಗಾಗಿ ಮೊದಲ ಕೆಲವು ದಿನ ಬಾಯಿಗೆ ಹಾಲು ಬೇಡ ಅಂತ ಡಾಕ್ಟರೂ ನಾನೂ ಒಪ್ಪಿಕೊಂಡೆವು. ಮೂಗಿನಿಂದ ಹೊಟ್ಟೆಗೆ ತೆಳು ಟ್ಯೂಬ್ ಹಾಕಿದರು. ಈ ವಯಸ್ಸಿನ ಮಗುವಿಗೆ ದಿನಕ್ಕೆ ಕೆ.ಜಿ.ಗೆ 150 ಮಿ.ಲೀ. ಲೆಕ್ಕ. ಅಂದರೆ ಇವಳಿಗೆ ಮೂರು ಗಂಟೆಗೊಮ್ಮೆ 45 ಮಿ.ಲೀ. ಹತ್ತಿರ ಬೇಕು. ಕಮ್ಮಿಯಿಂದ ಶುರುಮಾಡಿ ಅಲ್ಲಿಗೆ ಮುಟ್ಟಿಸಿದರು. ಎಲ್ಲ ತಾಯಿ ಹಾಲೇ. ಕಟ್ಟಿದ್ದ ಎದೆಯಿಂದ ಹಿಂಡಿ ತೆಗೆಯುವುದನ್ನು ವಾರ್ಡಿನ ಸಿಸ್ಟರ್ ಕೈಹಿಡಿದು ಕಲಿಸಿದರು. ಎರಡೇ ದಿನದಲ್ಲಿ ಬೇಕಾದ್ದಕ್ಕಿಂತ ಜಾಸ್ತಿ ಬರತೊಡಗಿತು.

ಟ್ಯೂಬ್ ನೋಡಿ ಮನೆಯವರು ಹೌಹಾರಿದರು. ಪೈಪು ಹಾಕಿದರು ಅಂದರೆ ಮಗು ಉಳಿಯಲ್ಲ ಅಂತಲೇ ಜನ ತಿಳಿಯುತ್ತಾರೆ. ಕವುಚಿ ಮಲಗಿಸುವುದೂ ಗೊಂದಲ ತಂದಿತು. ಎಳೆಮಕ್ಕಳನ್ನು ಬೆನ್ನ ಮೇಲೆ ಮಲಗಿಸಿ ಅಂತ ಎಲ್ಲೆಡೆ ಹೇಳುತ್ತೇವೆ, ಅದು ಸರಿಯೇ. ಈ ಮಗುವಿಗೆ ಮಾತ್ರ ಡಾಕ್ಟರು ಹೇಳಿ, ಮೀಟರ್ ಹಾಕಿಟ್ಟು ಕವುಚಿ ಮಲಗಿಸಿದ್ದು. ಹಾಗೆ ಮಲಗಿದಾಗ ನಾಲಿಗೆ ತನ್ನ ಭಾರಕ್ಕೇ ಮುಂದೆ ಬರುತ್ತೆ. ಇಷ್ಟರಲ್ಲೇ ಸುಧಾರಿಸಿದ್ದು ಇವಳ ಅದೃಷ್ಟ. ಕೆಲವು ಮಕ್ಕಳಿಗೆ ಮೂಗಿನಿಂದ ಗಂಟಲವರೆಗೆ ಉಸಿರಿನ ನಳಿಕೆ ಇಡಬೇಕಾಗುತ್ತೆ. ಇನ್ನು ಕೆಲವರಿಗೆ ದವಡೆ ಉದ್ದ ಮಾಡುವ ಆಪರೇಷನ್ನೇ ಬೇಕು.

ಟ್ಯೂಬಿನಲ್ಲಿ ಹಾಲು ಹೋಗುವಾಗೆಲ್ಲ ತಾಯಿಯ ತೊಳೆದ ಕಿರುಬೆರಳು ಮಗುವಿನ ಬಾಯಲ್ಲಿ. ಚೀಪುವುದಕ್ಕೂ ಹೊಟ್ಟೆ ತುಂಬುವುದಕ್ಕೂ ಇರುವ ನಂಟು ತಪ್ಪಬಾರದು.

ಬಾಟಲಿಯೋ, ಒಳಲೆಯೋ

ಉಸಿರು ತಹಬದಿಗೆ ಬಂದ ಮೇಲೆ ಬಾಯಿಂದ ಕುಡಿಸುವ ಪಾಠ ಶುರು. ಯಾವುದರಲ್ಲಿ ಅನ್ನುವುದೇ ಮೊದಲ ಜಗಳ.

ಅತ್ತೆ ಮನೆಯಿಂದ ಒಳಲೆ, ಅಂದರೆ ಎಳೆಮಕ್ಕಳಿಗೆ ಹಾಲು ಕುಡಿಸುವ ಮೂತಿಯ ಪುಟ್ಟ ಬಟ್ಟಲು, ತಂದಿದ್ದರು. ಅದರಲ್ಲಿ ತಪ್ಪೇನಿಲ್ಲ. ಮೊಲೆ ಚೀಪಲಾಗದ ಮಕ್ಕಳಿಗೆ ನಮ್ಮ ವಾರ್ಡುಗಳಲ್ಲೂ ಒಳಲೆ ಬಳಸುತ್ತಾರೆ, ತೊಳೆದು ಕುದಿಸುವುದೂ ಸುಲಭ. ತೊಂದರೆ ಇರುವುದು ಕಾಲ ಮೇಲೆ ಅಂಗಾತ ಮಲಗಿಸಿ, ಬಾಯಿ ತೆರೆಸಿ ಸುರಿಯುವ ರೀತಿಯಲ್ಲಿ. ಹಾಗೆ ಸುರಿದರೆ ಮಗುವಿಗೆ ನಿಲ್ಲಿಸು ಅನ್ನಲು ದಾರಿಯೇ ಇಲ್ಲ. ಬಾಟಲಿ ಅಂದರೆ ವಾರ್ಡಿನವರಿಗೆ ಆಗಿಬರಲ್ಲ. ಅದಕ್ಕೂ ಕಾರಣ ಇದೆ. ಕೊಳೆ ಬಾಟಲಿಯಿಂದ ಭೇದಿಯಾಗಿ ಸತ್ತ ಮಕ್ಕಳನ್ನು ಕಂಡೇ ನಮ್ಮ ದೇಶದಲ್ಲಿ 1992ರಲ್ಲಿ ಹಾಲಿನ ಪುಡಿ, ಫೀಡಿಂಗ್ ಬಾಟಲಿಗಳ ಜಾಹೀರಾತಿಗೆ ತಡೆ ಹಾಕುವ ಕಾಯ್ದೆ ಬಂದದ್ದು. ಆದರೆ ಅಂಗುಳು ಸೀಳಿದ ಮಗುವಿಗೆ ಮೆತ್ತನೆಯ, ಹಿಚುಕಬಹುದಾದ ಬಾಟಲಿ ಒಂದು ಚಿಕಿತ್ಸೆಯ ಸಾಧನ. ಎಳೆಯುವ ಕೆಲಸವನ್ನು ಮಗುವಿನ ಬದಲು ತಾಯಿಯ ಕೈ ಮಾಡುತ್ತೆ. ಇಂಥದ್ದರಲ್ಲಿ ಹೆಸರಾದದ್ದು ಹೇಬರ್‌ಮನ್ ಫೀಡರ್. ಬ್ರಿಟನ್ನಿನ ಮ್ಯಾಂಡಿ ಹೇಬರ್‌ಮನ್ ಅನ್ನುವ ತಾಯಿ, 1980ರಲ್ಲಿ ಹುಟ್ಟಿದ ತನ್ನ ಮಗಳು ಹಾಲು ಎಳೆಯಲಾರದೆ ಒದ್ದಾಡಿದ್ದನ್ನು ನೋಡಿ ಅದನ್ನು ರೂಪಿಸಿದರು. ನಮ್ಮ ಮನೆಯವರಿಗೆ ಅದರ ಬೆಲೆ ಎಟುಕುವಂತಿರಲಿಲ್ಲ. ಮೆತ್ತನೆ ಪ್ಲಾಸ್ಟಿಕ್ಕಿನ ಸಾದಾ ಬಾಟಲಿ, ಸಣ್ಣ ತೂತಿನ ನಿಪ್ಪಲ್ ಇಟ್ಟುಕೊಂಡೆವು. ಕರೆಂಟು, ಬಾಟಲಿ, ಎಲ್ಲ ಕೈಕೊಟ್ಟ ದಿನಕ್ಕೆ ಒಳಲೆ.

ತಾಯಿ ಮಂಚದ ಮೇಲೆ ಒರಗಿ ಕೂತು ಒಂದು ಮೊಣಕಾಲು ಮಡಚಿದರು. ಮಗುವನ್ನು ತೊಡೆಯ ಮೇಲೆ ಪಕ್ಕಕ್ಕೆ ಮಲಗಿಸಿದೆವು. ತಲೆ ಮೇಲೆ, ಸೊಂಟ ಕೆಳಗೆ, ಕಿವಿ-ಭುಜ-ಸೊಂಟ ಒಂದೇ ಗೆರೆಯಲ್ಲಿ. ಹೀಗಿದ್ದರೆ ನಾಲಿಗೆ ಹಿಂದೆ ಬೀಳಲ್ಲ. ಜಾಸ್ತಿಯಾದ ಹಾಲು ಗಂಟಲಿಗೆ ಹೋಗುವ ಬದಲು ಕೆನ್ನೆಯ ಕಡೆಯಿಂದ ಹೊರಗೆ ಸೋರುತ್ತೆ. ನಿಪ್ಪಲ್ಲನ್ನು ಸೀಳಿಗೆ ತಾಗಿಸದೆ ನಾಲಿಗೆಯ ಮೇಲೆ ಇಟ್ಟೆವು. ದವಡೆ ಮೇಲೆ ಬಂದಾಗ ಮೆಲ್ಲಗೆ ಒಂದು ಹಿಚುಕು, ಇಳಿದಾಗ ಬಿಡು. ಮೂರು ಸಲ ನುಂಗಿದ ಮೇಲೆ ನಿಪ್ಪಲ್ ಬಾಯಲ್ಲೇ ಇಟ್ಟು ಬಾಟಲಿ ಮಾತ್ರ ಕೆಳಗೆ ಬಾಗಿಸು. ಹಾಲು ನಿಂತಿತು. ಮಗು ಎರಡು ದೊಡ್ಡ ಉಸಿರು ತೆಗೆದುಕೊಂಡಿತು. ಮತ್ತೆ ತಾನೇ ಚೀಪಿತು. ಆಮೇಲೆ ಬಾಟಲಿ ಮೇಲೆ.

ತಾಯಿಯ ಕಣ್ಣು ಬಾಟಲಿಯ ಗೆರೆಗಳ ಮೇಲೇ ಇತ್ತು. ನಾನು ಗೆರೆ ಕಾಣದ ಹಾಗೆ ಬಾಟಲಿಗೆ ಬಿಳಿ ಪ್ಲಾಸ್ಟರ್ ಸುತ್ತಿಬಿಟ್ಟೆ. ಆಮೇಲೆ ನೋಡಲು ಮಗುವಿನ ಮುಖ ಮಾತ್ರ ಉಳಿಯಿತು. ಹುಬ್ಬು ಮೇಲೇರುವುದು, ಮೂಗಿನ ಹೊಳ್ಳೆ ಅರಳುವುದು, ಮುಷ್ಟಿಯ ಬೆರಳು ಕಡ್ಡಿಯಂತೆ ಬಿಚ್ಚಿಕೊಳ್ಳುವುದು, ಗಳಕ್ ಅಂತ ನುಂಗುವುದು, ಗಂಟಲಲ್ಲಿ ನೀರಾಡಿದಂಥ ಸದ್ದು. ಕೆಮ್ಮು ಬರುವ ಎಷ್ಟೋ ಮೊದಲೇ ಇವು ಬರುತ್ತವೆ. ಇವುಗಳಲ್ಲಿ ಒಂದು ಕಂಡರೂ ಬಾಟಲಿ ಕೆಳಗೆ. ಅವತ್ತು ಕುಡಿದದ್ದು 5 ಮಿ.ಲೀ. ಉಳಿದದ್ದು ಟ್ಯೂಬಿನಲ್ಲಿ. ಅಪ್ಪನ ಮುಖ ಸಪ್ಪಗಾಯಿತು. ನನಗೆ ಮಾತ್ರ ಖುಷಿ, ಆಕ್ಸಿಜನ್ ಒಮ್ಮೆಯೂ 94ಕ್ಕಿಂತ ಕೆಳಗೆ ಇಳಿದಿರಲಿಲ್ಲ.

ಒಂದು ನಿಯಮ ಗಟ್ಟಿಯಾಗಿ ಹೇಳಿದ್ದೆ: ಬಾಯಿಂದ ಕುಡಿಸುವುದು 25 ನಿಮಿಷ, ತಪ್ಪಿದರೆ ಅರ್ಧ ಗಂಟೆ. ಮುಗಿಯಲಿ ಬಿಡಲಿ, ಆಮೇಲೆ ಟ್ಯೂಬ್. ದಿನಕ್ಕೆ 20ರಿಂದ 30 ಗ್ರಾಂ ತೂಕ ಏರುತ್ತಿದ್ದರೆ ಬಾಯಿಂದ ಎಷ್ಟು, ಟ್ಯೂಬಿನಿಂದ ಎಷ್ಟು ಅನ್ನುವ ಲೆಕ್ಕಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. 30ನೇ ದಿನ ಮಗು 2.66 ಕೆ.ಜಿ. ಆಗಿ ಟ್ಯೂಬಿನ ಸಮೇತ ಮನೆಗೆ ಹೊರಟಿತು. ಟ್ಯೂಬಿನ ಗುರುತು ಮೂಗಿನ ಅಂಚಿನಲ್ಲೇ ಇದೆಯಾ, ಸಿರಿಂಜಿನಲ್ಲಿ ಹೊಟ್ಟೆಯ ರಸ ಬರುತ್ತಾ ಅಂತ ನೋಡದೆ ಹಾಲು ಹಾಕಬಾರದು. ಇದನ್ನು ತಾಯಿ ಮಾತ್ರವಲ್ಲ, ಅಪ್ಪನೂ ಮಾಡಿ ತೋರಿಸಿದ ಮೇಲೆಯೇ ಡಾಕ್ಟರು ಡಿಸ್ಚಾರ್ಜ್ ಬರೆದರು.

ಮನೆಗೆ ಹೋದ ಮೇಲೆ

ಮೂಗಿನಲ್ಲಿ ಹಾಲು ಬರುವುದು ನಿಲ್ಲಲಿಲ್ಲ. ಸೀಳು ಇರುವವರೆಗೆ ಬರುತ್ತೆ, ಒರೆಸಿದರೆ ಸಾಕು ಅಂದೆ. ಅತ್ತೆಗೆ ಸಮಾಧಾನ ಇಲ್ಲ. ಹಾಲಿಗೆ ಒಂದು ಚಮಚ ರಾಗಿ ಸರಿ ಸೇರಿಸಿ ಗಟ್ಟಿ ಮಾಡಿದರೆ ಮೂಗಿಗೆ ಹೋಗಲ್ಲ ಅಲ್ವಾ ಅಂತ ಫೋನ್ ಮಾಡಿದರು. ಯೋಚನೆ ಬುದ್ಧಿವಂತಿಕೆಯದೇ. ಗಟ್ಟಿ ಮಾಡಿ ಕೊಡುವ ಪದ್ಧತಿ ನಮ್ಮಲ್ಲೂ ಇದೆ. ಆದರೆ ಆರು ತಿಂಗಳು ತುಂಬದ ಕರುಳಿಗೆ ರಾಗಿ ಬೇಡ. ಅಂಗಡಿಯಲ್ಲಿ ಸಿಗುವ ಗಟ್ಟಿಯಾಗಿಸುವ ಪುಡಿ, ಜೆಲ್ ಕೂಡ ಹುಡುಗಾಟದ ವಸ್ತುವಲ್ಲ. ಅಂಥದ್ದೊಂದನ್ನು ಅವಧಿಗೆ ಮೊದಲು ಹುಟ್ಟಿದ ಮಕ್ಕಳಿಗೆ ಕೊಡಬೇಡಿ, ಕರುಳಿಗೆ ಅಪಾಯ ಅಂತ 2011ರಲ್ಲಿ ಅಮೆರಿಕದ ಔಷಧ ಇಲಾಖೆಯೇ ಎಚ್ಚರಿಸಿತ್ತು. ಬೇಡ ಅಂದೆ. ಅತ್ತೆ ಹಾಕಲಿಲ್ಲ.

42ನೇ ದಿನ ಆಶಾ ತೂಗಿದಾಗ 2.98. ಎರಡೂವರೆ ತಿಂಗಳಿಗೆ ಪೂರ್ತಿ ಬಾಯಿಂದಲೇ ಕುಡಿದು 3.7 ಕೆ.ಜಿ. ಆಯಿತು, ಟ್ಯೂಬ್ ತೆಗೆದೆವು. ವಾರ ಕಳೆಯುವಷ್ಟರಲ್ಲಿ ಅಣ್ಣನಿಂದ ಶೀತ ಅಂಟಿತು. ಎಳೆಮಕ್ಕಳು ಉಸಿರಾಡುವುದು ಬಹುಪಾಲು ಮೂಗಿನಿಂದಲೇ. ಮೂಗು ಕಟ್ಟಿದರೆ ನಮ್ಮ ಲೆಕ್ಕವೆಲ್ಲ ತಲೆಕೆಳಗು. ತಾಯಿ ಹೊಳ್ಳೆ ಅರಳಿದ್ದನ್ನು ಗಮನಿಸಿ, ನನ್ನ ಫೋನಿಗೂ ಕಾಯದೆ ಬಾಯಿಂದ ಕುಡಿಸುವುದನ್ನು ನಿಲ್ಲಿಸಿ ಮಗುವನ್ನು ಕರೆತಂದಿದ್ದರು. ಮತ್ತೆ ಕೆಲವು ದಿನ ಟ್ಯೂಬ್. ಎದೆಯ ಎಕ್ಸ್‌ರೇ ಸ್ವಚ್ಛವಾಗಿತ್ತು.

ಆರು ತಿಂಗಳಿಗೆ ರಾಗಿ ಸರಿ ಬಂತು, ಬಂದಷ್ಟೇ ವೇಗದಲ್ಲಿ ಮೂಗಿನಿಂದ ಹೊರಗೂ ಬಂತು. ನೆಟ್ಟಗೆ ಕೂರಿಸಿ, ಚಿಕ್ಕ ಚಮಚದಲ್ಲಿ, ನೀರಾಗಿಸದೆ ಕೊಟ್ಟಾಗ ಕಮ್ಮಿಯಾಯಿತು. ಅತ್ತೆಗೆ ಒಂದು ಹಳೇ ಟವೆಲ್ ಯಾವಾಗಲೂ ಕೈಲಿರಬೇಕಿತ್ತು, ಅಷ್ಟೇ.

ಅಂಗುಳ ಆಪರೇಷನ್ 14 ತಿಂಗಳಿಗೆ ಆಯಿತು. 2013ರಲ್ಲಿ ಶುರುವಾದ ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಚಿಕಿತ್ಸೆ ಸಿಗುವ ತೊಂದರೆಗಳ ಪಟ್ಟಿಯಲ್ಲಿ ತುಟಿ, ಅಂಗುಳ ಸೀಳು ಇದೆ. ಜಿಲ್ಲಾ ಆರಂಭಿಕ ಮಧ್ಯಸ್ಥಿಕೆ ಕೇಂದ್ರದ ಮೂಲಕ ಹೋದದ್ದರಿಂದ ಮನೆಯವರು ದುಡ್ಡು ಕಟ್ಟಬೇಕಾಗಲಿಲ್ಲ. ಅದಕ್ಕೂ ಮೊದಲು ಕಿವಿ ಪರೀಕ್ಷೆಯಲ್ಲಿ ತಮಟೆಯ ಹಿಂದೆ ನೀರು ನಿಂತಿರುವುದು ಗೊತ್ತಾಗಿತ್ತು. ಕಿವಿಯ ನಳಿಕೆ ತೆರೆಯುವ ಸ್ನಾಯು ಅಂಗುಳಿನದೇ ಆದ್ದರಿಂದ ಈ ಮಕ್ಕಳಲ್ಲಿ ಇದು ಜಾಸ್ತಿ. ಅಂಗುಳಿನ ಜೊತೆಗೇ ಅದಕ್ಕೂ ಚಿಕಿತ್ಸೆ ಆಯಿತು. ರಾಬಿನ್ ಮಕ್ಕಳಲ್ಲಿ ಕೆಲವರಿಗೆ ಸ್ಟಿಕ್ಲರ್ ಸಿಂಡ್ರೋಮ್ ಅನ್ನುವ ಜೀನಿನ ತೊಂದರೆ ಇರುತ್ತೆ, ಅದರಲ್ಲಿ ಕಣ್ಣಿನ ರೆಟಿನಾಕ್ಕೆ ಅಪಾಯ. ಜೀನ್ ಪರೀಕ್ಷೆಯ ಖರ್ಚು ಸದ್ಯಕ್ಕೆ ಆಗಲ್ಲ ಅಂದರು. ಹಾಗಾಗಿ ವರ್ಷಕ್ಕೊಮ್ಮೆ ಕಣ್ಣಿನ ಡಾಕ್ಟರ ಹತ್ತಿರ ಹೋಗುವುದು ಅಂತ ಇಟ್ಟುಕೊಂಡಿದ್ದೇವೆ.

ಆಪರೇಷನ್ನಿಗೆ ಮೊದಲು ಅವಳಿಗೆ ಪ ಬರುತ್ತಿರಲಿಲ್ಲ. ಗಾಳಿ ಮೂಗಿಗೆ ಹೋಗುತ್ತಿದ್ದರಿಂದ ಅಪ್ಪನೂ ಅಮ್ಮನೇ ಆಗಿದ್ದ, ಅದು ಮನೆಯಲ್ಲಿ ದೊಡ್ಡ ತಮಾಷೆ. ಈಗ ಎರಡು ವರ್ಷ. ಪ, ಬ ಸ್ಪಷ್ಟವಾಗಿವೆ. ಕ, ಗ ಇನ್ನೂ ಗಂಟಲಲ್ಲೇ ಸಿಕ್ಕಿಕೊಳ್ಳುತ್ತವೆ, ಅದಕ್ಕೆ ಥೆರಪಿ ನಡೆದಿದೆ. ಅಷ್ಟರಲ್ಲಿ ಬರದಿದ್ದರೆ ಮೂರು ವರ್ಷದ ಹೊತ್ತಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಒಮ್ಮೆ ತೋರಿಸಬೇಕು ಅಂತ ಫೈಲಿನಲ್ಲಿ ಬರೆದಿಟ್ಟಿದ್ದೇನೆ.